ಪೂಜೆಗೆ ಕೂತ ಹತ್ತೊಂಬತ್ತು ಕಂಪ್ಯೂಟರ್‌ಗಳು

2021ರಲ್ಲಿ ನಾನು ಹೊಸೂರಿನ ಮೂಕಂಡಪಲ್ಲಿ ಬಳಿಯ ಒಂದು ಕಾರ್ಖಾನೆಯಲ್ಲಿ ಐಟಿ ಮ್ಯಾನೇಜರ್ ಆಗಿದ್ದೆ. ಲಾರಿಗಳ ಬ್ರೇಕಿಗೆ ಬೇಕಾದ ವಾಲ್ವ್ ಮಾಡುವ ಕಾರ್ಖಾನೆ. ಕೋಲಾರದ ಕಡೆಯಿಂದ ಬಂದು ಅಲ್ಲಿ ಸೇರಿ ಆಗಲೇ ಹದಿನೇಳು ವರ್ಷವಾಗಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಡೀ ಕಾರ್ಖಾನೆಗೆ ಗೊತ್ತಿತ್ತು. ನಾನೂ ಅದನ್ನು ಮುಚ್ಚಿಟ್ಟವನಲ್ಲ.

ನಮ್ಮಲ್ಲಿ 612 ಕಂಪ್ಯೂಟರ್‌ಗಳಿದ್ದವು. ಅವನ್ನೆಲ್ಲ ನೋಡಿಕೊಳ್ಳಲು ಒಂದು ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್ ಇತ್ತು. ಅದು ಹಾಜರಿ ತೆಗೆಯುವ ಮೇಷ್ಟ್ರ ಹಾಗೆ: ಪ್ರತಿ ಕಂಪ್ಯೂಟರ್ ಆಗಾಗ ಅದಕ್ಕೆ ‘ಇದ್ದೀನಿ’ ಎನ್ನಬೇಕು, ಹೊಸ ಅಪ್‌ಡೇಟ್ ಪಡೆಯಬೇಕು. ಆ ವರ್ಷವೇ ನಾನೊಂದು ನಿಯಮ ತಂದಿದ್ದೆ. ಎಪ್ಪತ್ತೆರಡು ಗಂಟೆ ಹಾಜರಿ ಹೇಳದ ಕಂಪ್ಯೂಟರ್, ಮತ್ತೆ ಆನ್ ಆದಾಗ ಸರ್ವರ್ ಉತ್ತರ ಕೊಡದಿದ್ದರೆ, ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ತೆಗೆಯಲು ನಲವತ್ತೆಂಟು ಅಂಕಿಗಳ ಕೀ ಬೇಕು. ಆ ಕೀ ಇರುವುದು ಸರ್ವರ್‌ನಲ್ಲಿ ಮಾತ್ರ. ಕಳ್ಳತನವಾದರೆ ಕಂಪನಿಯ ಮಾಹಿತಿ ಉಳಿಯಲಿ ಎಂದು ಮಾಡಿದ್ದು. ಕೀಗಳು ಬೇರೆಯವರ ಕೈಗೆ ಸಿಗಬಾರದೆಂದು ಅವನ್ನು ಬ್ಯಾಕಪ್‌ನಿಂದಲೂ ಹೊರಗಿಟ್ಟಿದ್ದೆ. ಬಹಳ ಬುದ್ಧಿವಂತ ಎಂದುಕೊಂಡಿದ್ದೆ ನನ್ನನ್ನು ನಾನೇ.

ಆ ಸರ್ವರ್ ಹಳತಾಗಿತ್ತು. ಅದರ ಕೆಲಸವನ್ನು ಕ್ಲೌಡ್‌ಗೆ, ಅಂದರೆ ಬಾಡಿಗೆಗೆ ಸಿಗುವ ದೂರದ ಸರ್ವರ್‌ಗೆ, ಸಾಗಿಸಬೇಕೆಂದು ತೀರ್ಮಾನವಾಯಿತು. ಒಂದೊಂದು ಕಂಪ್ಯೂಟರೂ ಆನ್ ಇದ್ದು, ಹೊಸ ವಿಳಾಸ ಕಲಿತು, ತನ್ನ ಕೀಯನ್ನು ಅಲ್ಲಿಗೆ ಒಪ್ಪಿಸಿದರೆ ಮಾತ್ರ ಅದು ದಾಟಿದಂತೆ. ಇದಕ್ಕೆ ನಾನು ಆರಿಸಿದ್ದು ಆಯುಧ ಪೂಜೆಯ ರಜೆ. ಆ ವರ್ಷ ಗುರುವಾರ ಪೂಜೆ, ಶುಕ್ರವಾರ ವಿಜಯದಶಮಿ, ಮುಂದೆ ಶನಿವಾರ, ಭಾನುವಾರ. ನಾಲ್ಕು ದಿನ ಉತ್ಪಾದನೆ ಇಲ್ಲ, ಯಾರ ಕಾಟವೂ ಇಲ್ಲ. ರಜೆ ಮುಗಿಯುವವರೆಗೆ ಯಾರೂ ಕಂಪ್ಯೂಟರ್ ಆಫ್ ಮಾಡಬಾರದೆಂದು ಸೂಪರ್‌ವೈಸರ್‌ಗಳಿಗೆಲ್ಲ ಇಂಗ್ಲಿಷಿನಲ್ಲಿ ಮೇಲ್ ಹಾಕಿದೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ 593 ದಾಟಿದ್ದವು. ಹತ್ತೊಂಬತ್ತು ಉಳಿದವು. ಹಳೆಯ ಪಟ್ಟಿಯಲ್ಲಿ ಗುಜರಿಗೆ ಹೋದ ಕಂಪ್ಯೂಟರ್‌ಗಳ ಹೆಸರು ಯಾವಾಗಲೂ ಒಂದಿಷ್ಟು ಇರುತ್ತಿದ್ದವು. ಇವೂ ಅವೇ ಇರಬೇಕು ಎಂದು ಎದುರಿಗೆ ‘ಬಳಕೆಯಲ್ಲಿಲ್ಲ’ ಎಂದು ಬರೆದೆ. ಹಳೆಯ ಸರ್ವರ್ ಆಫ್ ಮಾಡಿದೆ. ಅದರ ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನು ಬಿಚ್ಚಿ, ನಂಬರ್ ಹಾಕಿ, ಪೆಟ್ಟಿಗೆಗೆ ಸೀಲ್ ಮಾಡಿದೆ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಸೂಳಗಿರಿಯ ಇ-ವೇಸ್ಟ್ ಘಟಕದ ವ್ಯಾನ್ ಬಂದು ಅದನ್ನು ಒಯ್ದಿತು. ಅಲ್ಲಿ ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತಾರೆ.

ಒಂಬತ್ತು ಗಂಟೆ ಐದು ನಿಮಿಷಕ್ಕೆ ಫೋನ್ ಬಂತು. ಮಾತಾಡಿದ್ದು ಲೀಕ್ ಟೆಸ್ಟ್ ಲೈನಿನ ಸೂಪರ್‌ವೈಸರ್ ವೆಂಕಟೇಶಪ್ಪ, ಬಾಗಲೂರು ಕಡೆಯವರು. ತಯಾರಾದ ಪ್ರತಿ ವಾಲ್ವನ್ನೂ ಗಾಳಿ ಸೋರುತ್ತದೆಯೇ ಎಂದು ಪರೀಕ್ಷಿಸುವುದು ಅವರ ಲೈನಿನ ಕೆಲಸ.

“ಸಾರ್, ರಾಹುಕಾಲ ಕಳೀಲಿ ಅಂತ ಒಂಬತ್ತಕ್ಕೆ ಆನ್ ಮಾಡ್ದೊ. ಎಲ್ಲಾದ್ರಲ್ಲೂ ನೀಲಿ ಸ್ಕ್ರೀನು, ಕೀ ಕೇಳ್ತೈತೆ.”

“ಎಷ್ಟು ಕಂಪ್ಯೂಟರ್?”

“ನಮ್ಮ ಲೈನಿಂದು ಅಷ್ಟೂನೂವೆ. ಹತ್ತೊಂಬತ್ತು.”

ಓಡಿಹೋಗಿ ನೋಡಿದೆ. ಮಾನಿಟರ್‌ಗಳ ಮೇಲೆ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವಿನ ಸರ. ಗುರುವಾರದಿಂದ ರಜೆಯಾದ್ದರಿಂದ ಬುಧವಾರ ಸಂಜೆಯೇ ನಡೆದ ಪೂಜೆಗೆ ಯಂತ್ರಗಳನ್ನು ತೊಳೆದು, ಎಲ್ಲವನ್ನೂ ಆಫ್ ಮಾಡಿ ದೇವರಿಗೆ ಒಪ್ಪಿಸಿದ್ದರು. ಪೂಜೆಗೆ ಕೂತದ್ದನ್ನು ನಡುವೆ ಯಾರೂ ಮುಟ್ಟುವ ಹಾಗಿಲ್ಲ. ನಾನು ‘ಬಳಕೆಯಲ್ಲಿಲ್ಲ’ ಎಂದು ಬರೆದವು ಇವೇ!

ನಮ್ಮ ವಾಲ್ವ್ ಕೊಳ್ಳುವ ಲಾರಿ ಕಾರ್ಖಾನೆ ಸ್ಟಾಕ್ ಇಟ್ಟುಕೊಳ್ಳುವುದಿಲ್ಲ. ಮಧ್ಯಾಹ್ನ ಒಂದಕ್ಕೆ ನಮ್ಮ ಮಾಲು ಹೊರಡದಿದ್ದರೆ ಅವರ ಲೈನ್ ನಿಲ್ಲುತ್ತದೆ. ಪ್ಲಾಂಟ್ ಹೆಡ್ ಸುಂದರರಾಜನ್ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದರು. ನಾನು ಎಲ್ಲರೆದುರು ಕೂಗಿದೆ: “ಆಫ್ ಮಾಡ್ಬೇಡಿ ಅಂತ ಮೇಲ್ ಹಾಕಿದ್ದೆ ಸಾರ್. ಈ ಮನುಷ್ಯ ಕೇಳ್ಲಿಲ್ಲ!” ಸುಂದರರಾಜನ್ ವೆಂಕಟೇಶಪ್ಪನವರನ್ನು ಒಮ್ಮೆ ನೋಡಿ, ಮೂರು ಗಂಟೆಗೆ ತಮ್ಮ ರೂಮಿಗೆ ಬರಲು ಹೇಳಿದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಜೂನ್‌ನಲ್ಲಿ ವಾಲ್ವ್‌ಗಳ ಒಂದು ಟ್ರೇ ತಪ್ಪಾಗಿ ಹೋಗಿ ವೆಂಕಟೇಶಪ್ಪನವರಿಗೆ ಎಚ್ಚರಿಕೆ ಪತ್ರ ಸಿಕ್ಕಿತ್ತು. ಇನ್ನೊಂದು ತಪ್ಪಾದರೆ ಕೆಲಸದಿಂದ ತೆಗೆಯಲಾಗುವುದು ಎಂದು ಅದರಲ್ಲೇ ಬರೆದಿತ್ತು.

ಇ-ವೇಸ್ಟ್ ಘಟಕದ ಮಾಲೀಕನಿಗೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಕಾರು ತೆಗೆದೆ. ಆ ಘಟಕದ ದಾರಿ ಗೊತ್ತಿದ್ದ ವೆಂಕಟೇಶಪ್ಪ ತಾವಾಗಿಯೇ ಪಕ್ಕದಲ್ಲಿ ಬಂದು ಕೂತರು. ಹೈವೇಯಲ್ಲಿ ಲಾರಿಗಳ ಸಾಲು. ಒಂದೊಂದು ಲಾರಿಗೂ ಬಾಳೆಕಂದು ಕಟ್ಟಿತ್ತು, ಒಂದೂ ದಾರಿ ಬಿಡುತ್ತಿರಲಿಲ್ಲ. ನಾನು ವೆಂಕಟೇಶಪ್ಪನವರನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದೆ. ಪೇರಂಡಪಲ್ಲಿ ದಾಟಿದ ಮೇಲೆ ಅವರು ಮೆಲ್ಲಗೆ ಹೇಳಿದರು:

“ಮೇಲು ನೋಡ್ದೆ ಸಾರ್. ಅದುಕ್ಕೇ ಬುಧವಾರ ನಿಮ್ಮ ರೂಮಿಗೆ ಬಂದೆ. ಪೂಜೆಗೆ ಕಂಪ್ಯೂಟರ್ನೂ ಆಫ್ ಮಾಡಿ ಇಕ್ಬೇಕು, ಮಾಡ್ಬುಡ್ಲಾ ಅಂದೆ. ನೀವು ಸ್ಕ್ರೀನ್ ನೋಡ್ತಾನೇ ‘ಹೂಂ, ಮಾಡಿ’ ಅಂದ್ರಿ.”

ನನಗೆ ನೆನಪಾಯಿತು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಅವರು ಬಾಗಿಲಲ್ಲಿ ನಿಂತಿದ್ದರು. ಪೂಜೆಗೆ ಕರೆಯಲು ಬಂದಿದ್ದಾರೆ ಎಂದುಕೊಂಡು, ಬೇಗ ಹೋಗಲಿ ಎಂದು ಹೂಂಗುಟ್ಟಿದ್ದೆ.

“ಅದನ್ನ ಬೆಳಿಗ್ಗೆನೇ ಹೇಳ್ಬೇಕಿತ್ತಲ್ರೀ!”

“ಎಲ್ಲಾರ ಮುಂದೆ ನಿಮ್ಮನ್ನ ಹೆಂಗ್ ಸಾರ್ ಅನ್ನೋದು?”

ಅವಮಾನದಿಂದ ನನ್ನ ಮುಖ ಸುಟ್ಟ ಹಾಗಾಯಿತು.

ಘಟಕ ತಲುಪಿದಾಗ ಹತ್ತೂ ಕಾಲು. ಡಿಸ್ಕ್‌ಗಳು ಪುಡಿಯಾಗಲು ಹತ್ತು ನಿಮಿಷ ಸಾಕು. ಗೇಟಿನೊಳಗೆ ಓಡಿದೆ. ಪುಡಿ ಮಾಡುವ ಯಂತ್ರ ಮೈತುಂಬ ಹೂವು ಮುಡಿದು ಸುಮ್ಮನೆ ನಿಂತಿತ್ತು. ನಮ್ಮ ಪೆಟ್ಟಿಗೆ ಅದರ ಬಾಯಿಯ ಪಕ್ಕದಲ್ಲೇ ಇತ್ತು, ಸೀಲ್ ಒಡೆದಿರಲಿಲ್ಲ.

“ಅಪ್ಪ ಕೃಷ್ಣಗಿರಿಯಿಂದ ಬತ್ತಾವ್ರೆ ಸಾರ್,” ಎಂದ ಮಾಲೀಕ. “ಅವ್ರು ಬಂದು ಬೂದುಗುಂಬಳ ಒಡೀದೆ ಮೆಷಿನ್ ಓಡ್ಸಲ್ಲ. ಯಾಕೆ, ಅರ್ಜೆಂಟಾ?”

“ಫೋನ್ ಯಾಕಪ್ಪಾ ಎತ್ತಲ್ಲ?”

“ಅದೂ ದೇವ್ರ ಮುಂದೇನೇ ಐತೆ.”

ಪೆಟ್ಟಿಗೆ ಎತ್ತಿಕೊಂಡೆ. ವೆಂಕಟೇಶಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಹನ್ನೊಂದೂ ಐದಕ್ಕೆ ವಾಪಸ್ ಬಂದೆವು. ನಂಬರ್ ನೋಡಿಕೊಂಡು ಡಿಸ್ಕ್‌ಗಳನ್ನು ಅದೇ ಕ್ರಮದಲ್ಲಿ ಕೂರಿಸಿದೆ. ಸರ್ವರ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಏಳಲು ಇಪ್ಪತ್ತೆರಡು ನಿಮಿಷ ತೆಗೆದುಕೊಂಡಿತು. ಕೀಗಳು ಸಿಕ್ಕವು. ಒಂದೊಂದು ಕಂಪ್ಯೂಟರಿನ ಮುಂದೆ ನಿಂತು ನಾನು ಅಂಕಿಗಳನ್ನು ಓದಿದೆ, ವೆಂಕಟೇಶಪ್ಪ ಕೂತು ಒತ್ತಿದರು. ಏಳನೆಯದರಲ್ಲಿ ನಾನೇ ಒಂದು ಅಂಕಿ ತಪ್ಪು ಓದಿದೆ. “ನಿಧಾನ ಸಾರ್,” ಎಂದರಷ್ಟೇ. ಐದೈದು ತೆರೆದ ಹಾಗೆ ಲೈನ್ ಶುರುವಾಗುತ್ತ ಹೋಯಿತು. ಒಂದಕ್ಕೆ ಎಂಟು ನಿಮಿಷವಿರುವಾಗ ಮಾಲಿನ ಲಾರಿ ಗೇಟು ದಾಟಿತು.

ಮೂರು ಗಂಟೆಗೆ ಸುಂದರರಾಜನ್ ಅವರ ರೂಮಿನಲ್ಲಿ ನಾವಿಬ್ಬರೂ ನಿಂತಿದ್ದೆವು. ಮೇಜಿನ ಮೇಲೆ ವೆಂಕಟೇಶಪ್ಪನವರನ್ನು ಕೆಲಸದಿಂದ ತೆಗೆಯುವ ಪತ್ರ ಆಗಲೇ ಟೈಪಾಗಿತ್ತು. ಮೇಲ್ ನೋಡಿಯೂ ಯಾಕೆ ಆಫ್ ಮಾಡಿದೆ ಎಂದು ಸುಂದರರಾಜನ್ ತಮಿಳಿನಲ್ಲಿ ಕೇಳಿದರು. ವೆಂಕಟೇಶಪ್ಪ ನನ್ನ ಕಡೆ ನೋಡಲೂ ಇಲ್ಲ. “ತಪ್ಪಾಯ್ತು ಸಾರ್” ಎನ್ನಲು ಬಾಯಿ ತೆರೆದರು.

ಸುಮ್ಮನಿದ್ದಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಆ ಯೋಚನೆ ಒಂದು ಗಳಿಗೆ ಬಂದದ್ದೂ ನಿಜ, ಸುಳ್ಳು ಯಾಕೆ ಹೇಳಲಿ.

“ಅವ್ರು ಬಂದು ನನ್ನ ಕೇಳಿದ್ರು. ಮಾಡಿ ಅಂದೋನು ನಾನು,” ಎಂದೆ. “ಹತ್ತೊಂಬತ್ತು ಇಲ್ಲ ಅಂತ ಶನಿವಾರನೇ ಕಂಡಿತ್ತು. ಎದ್ದು ಹೋಗಿ ನೋಡ್ಲಿಲ್ಲ.”

ಸುಂದರರಾಜನ್ ಆ ಪತ್ರವನ್ನು ಹರಿದು, ಜೂನ್‌ನಲ್ಲಿ ಅವರಿಗೆ ಕೊಟ್ಟಿದ್ದ ಎಚ್ಚರಿಕೆ ಪತ್ರದ ಒಕ್ಕಣೆಯಲ್ಲೇ ನನ್ನ ಹೆಸರಿಗೆ ಇನ್ನೊಂದು ಟೈಪ್ ಮಾಡಿಸಿದರು. ಸಹಿ ಹಾಕಿ ತೆಗೆದುಕೊಂಡೆ.

ಉಳಿದ ಹತ್ತೊಂಬತ್ತನ್ನೂ ಮರುದಿನ ಕ್ಲೌಡ್‌ಗೆ ದಾಟಿಸಿದೆವು. ಅಲ್ಲಿಂದಾಚೆಗೆ ಇನ್ನೂ ಎರಡು ಕಾರ್ಖಾನೆಗಳ ಸರ್ವರ್‌ಗಳನ್ನು ಸಾಗಿಸಿದ್ದೇನೆ. ಪಟ್ಟಿಯಲ್ಲಿ ಒಂದು ಹೆಸರು ಉತ್ತರ ಕೊಡದಿದ್ದರೂ ಚಪ್ಪಲಿ ಮೆಟ್ಟಿಕೊಂಡು ಆ ಕಂಪ್ಯೂಟರ್ ಇರುವ ಶೆಡ್ಡಿಗೆ ಹೋಗುತ್ತೇನೆ. ಅಲ್ಲಿ ಕೆಲಸ ಮಾಡುವವರನ್ನು ಮುಖ ನೋಡಿ ಕೇಳುತ್ತೇನೆ. ಲೀಕ್ ಟೆಸ್ಟ್ ಲೈನ್ ನನ್ನ ಕುರ್ಚಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿತ್ತು, ಅಷ್ಟೇ. ಆ ಇನ್ನೂರು ಹೆಜ್ಜೆ ನಡೆಯಲಾರದ ನನ್ನ ಸೋಮಾರಿತನಕ್ಕೆ ಒಬ್ಬ ಒಳ್ಳೆಯ ಮನುಷ್ಯ ಕೆಲಸ ಕಳೆದುಕೊಳ್ಳುವುದರಲ್ಲಿದ್ದರು, ಅದೂ ಬಾಯಿ ಮುಚ್ಚಿಕೊಂಡು, ನನ್ನ ಮರ್ಯಾದೆ ಉಳಿಸುವುದಕ್ಕಾಗಿ.