ಅಪ್ಪ ಬಂದ್ ಮಾಡದ ಇಂಜಿನ್

ಕೂಕಟ್‌ಪಲ್ಲಿಯ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಸದ್ದು ರೊಟ್ಟಿ ಬಡಿಯುವುದು, ಎರಡನೆಯದು ಅಪ್ಪನ ಡೀಸೆಲ್ ಪಿಕಪ್. ಅವ್ವ ಮತ್ತು ಓಣಿಯ ಇನ್ನಿಬ್ಬರು ಹೆಂಗಸರು ಕೂಡಿ ಜೋಳದ ರೊಟ್ಟಿ, ಪಲ್ಯ, ಝುಣಕ ಮಾಡುತ್ತಿದ್ದರು. ಮಾದಾಪುರದ ಕಡೆ ಏಳುತ್ತಿದ್ದ ಗಾಜಿನ ಕಟ್ಟಡಗಳ ಕೆಲಸಗಾರರಿಗೆ ಅಪ್ಪ ಅದನ್ನು ಮಧ್ಯಾಹ್ನದೊಳಗೆ ಮುಟ್ಟಿಸುತ್ತಿದ್ದ. ಅವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು; ಮೂರು ದಿನ ಅನ್ನ ಉಂಡರೆ ನಾಲ್ಕನೆಯ ದಿನ ರೊಟ್ಟಿ ಕೇಳುವವರು. ಸಾಫ್ಟ್‌ವೇರ್ ಕಂಪನಿಗಳಿಗಿಂತ ಮೊದಲು ಅವುಗಳ ಗೋಡೆ ಕಟ್ಟುವವರು ಬಂದರು, ಅವರ ಹಿಂದೆ ನಾವು.

ನಾನು ಆಗ ಡಿಗ್ರಿ ಓದುತ್ತಿದ್ದೆ. ಡೈರಿಯಲ್ಲಿ ತಾರೀಖಿನ ಕೆಳಗೆ ದಿನವೂ ಮೂರು ಸಂಗತಿ ಬರೆಯುತ್ತಿದ್ದೆ: ಎಷ್ಟು ರೊಟ್ಟಿ ಹೋದವು, ಮೀಟರಿನಲ್ಲಿ ಎಷ್ಟು ಕಿಲೋಮೀಟರ್, ಗಾಡಿ ಎಷ್ಟನೇ ಸಲಕ್ಕೆ ಶುರುವಾಯಿತು. ಮೀಟರಿಗೆ ಐದೇ ಅಂಕಿ. ಒಂದು ಲಕ್ಷ ತುಂಬಿದಾಗ ಎಲ್ಲ ಸೊನ್ನೆಯಾಗುತ್ತಿತ್ತು. ಹಾಗೆ ಎರಡು ಸಲ ಆಗಿತ್ತು, ಎರಡು ಸಲವೂ ಅಪ್ಪ ಪೇಢೆ ತಂದಿದ್ದ. ಇಷ್ಟು ಓಡಿದರೂ ಇಂಜಿನ್ ಒಮ್ಮೆಯೂ ಬಿಚ್ಚಿಲ್ಲ ಎಂಬುದು ಅವನ ಹೆಮ್ಮೆ.

ಗಾಡಿಗೆ ಇದ್ದ ಒಂದೇ ಕಾಯಿಲೆ ಸೆಲ್ಫ್‌ನದು. ಕೀಲಿ ತಿರುವಿದರೆ ಕೆಲವೊಮ್ಮೆ ಟಕ್ ಎಂದು ಸುಮ್ಮನಾಗುತ್ತಿತ್ತು, ಆಗ ನಾಲ್ಕು ಜನ ತಳ್ಳಬೇಕು. ಹೀಗಾಗಿ ಬೆಳಿಗ್ಗೆ ಶುರುವಾದ ಇಂಜಿನ್ನನ್ನು ಅಪ್ಪ ಊಟ ಹಂಚಿ ಮುಗಿಯುವವರೆಗೂ ಬಂದ್ ಮಾಡುತ್ತಿರಲಿಲ್ಲ. ಪ್ರತಿ ಕಟ್ಟಡದ ಮುಂದೆ ಅದು ನಿಂತಲ್ಲೇ ಗುರ್ ಎನ್ನುತ್ತಿತ್ತು. ಹಂಚುವ ಕೆಲಸ ಜೊತೆಗೆ ಹೋಗುವ ಹೆಂಗಸರದು. ಅಪ್ಪ ಆ ಸದ್ದು ಕಾಯುತ್ತ ಸ್ಟೇರಿಂಗ್ ಮುಂದೆಯೇ ಕೂತು, ಮಡಿಲಲ್ಲಿ ರೊಟ್ಟಿ ಇಟ್ಟುಕೊಂಡು ತಿನ್ನುತ್ತಿದ್ದ. "ನಡೀಲಿ ಬಿಡು. ಒಲಿ ಮ್ಯಾಲಿನ ಸಾರಿನಂಗ ಬಿಸಿ ಇದ್ರ ಬಾಳಿಕಿ ಬರತೈತಿ" ಎನ್ನುತ್ತಿದ್ದ.

ಆ ಚಳಿಗಾಲದಲ್ಲಿ ಹೊಗೆ ಶುರುವಾಯಿತು. ಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ದಿನವಿಡೀ. ಏರಿನಲ್ಲಿ ಗಾಡಿ ಎಳೆಯದಾಯಿತು. ಸಂಕ್ರಾಂತಿಯ ಮರುವಾರ ಎರಡು ಸಲ ಊಟ ತಡವಾಗಿ ಮುಟ್ಟಿತು. ನಾವು ಊಟ ಕೊಡುತ್ತಿದ್ದ ದೊಡ್ಡ ಕಟ್ಟಡದ ಮೇಸ್ತ್ರಿ ಯಾದಗಿರಿಯವರು, ಮಾತು ಸ್ವಲ್ಪ ಚುಚ್ಚು.

"ಏನ್ರಿ ಕಾಕಾ, ನಿಮ್ಮ ಗಾಡಿ ಇವತ್ತೂ ಕೆಮ್ಮಾಕತ್ತೈತಿ? ಔಷಧ ಕುಡಸ್ರಿ ಅದಕ್ಕ."

ಅವರ ಕಟ್ಟಡದ ಪಕ್ಕದಲ್ಲೇ ಇನ್ನೊಂದರ ಪಾಯ ಎದ್ದಿತ್ತು. ಅಲ್ಲಿನ ಜನರಿಗೂ ರೊಟ್ಟಿ ಬೇಕಿತ್ತು. "ರೊಟ್ಟಿ ನಿಮ್ಮವ ಆಗ್ಬೇಕು, ಅದರಾಗ ಮಾತಿಲ್ಲ," ಎಂದರು ಮೇಸ್ತ್ರಿ. "ಆದ್ರ ಹೊಸಾ ಗಾಡಿಯವ ಒಬ್ಬ ಕೇಳಾಕತ್ತಾನ. ಈ ತಿಂಗಳ ನೋಡ್ತೀನ್ರಿ. ಮತ್ತ ಹಸಿದು ಕೂತ್ರ ನನ್ನ ಮಂದಿ ನನ್ನ ಬೈತಾರ." ಹೊಸ ಕಟ್ಟಡ ಅವನಿಗೆ ಹೋದರೆ ಹಳೆಯದೂ ಹೋಗುತ್ತದೆಂದು ಮೂವರು ಹೆಂಗಸರಿಗೂ ಗೊತ್ತಿತ್ತು.

ಅಪ್ಪ ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸಿದ. ಅವನು ಇಂಜಿನ್ ನಡೆಯುತ್ತಿದ್ದಂತೆಯೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಇಟ್ಟ. ಬೆರಳ ಸಂದಿಯಿಂದ ಹೊಗೆ ಪುಸ್ ಪುಸ್ ಎಂದು ಬಂತು. "ಖೋಲ್ನಾ ಪಡ್ತಾ ಚಾಚಾ," ಎಂದ. ಇಂಜಿನ್ ಬಿಚ್ಚಲೇಬೇಕು, ಎಂಟು ದಿನ ಬೇಕು.

ಎಂಟು ದಿನ ಊಟ ನಿಂತರೆ ಹೊಸ ಗಾಡಿಯವನು ಎರಡನೆಯ ದಿನವೇ ಬರುತ್ತಾನೆ. ಅಪ್ಪ ಆ ಸಂಜೆ ಚಹಾ ಕುಡಿಯದೆ ಕೂತಿದ್ದ. ಅವ್ವನ ಚಿಂತೆ ಬೇರೆ. ಬೇಗಂ ಬಜಾರಿನಿಂದ ಬಂದ ಜೋಳ ಹಳೆಯದು, ಬಡಿದಾಗ ರೊಟ್ಟಿಯ ಅಂಚು ಸೀಳುತ್ತಿತ್ತು.

"ರವಿವಾರ ಬೀದರಕ್ಕ ಹೋಗಿ ಚಲೋ ಜೋಳ ತರೂಣು," ಎಂದಳು.

"ಈ ಗಾಡ್ಯಾಗ? ದಾರ್ಯಾಗ ನಿಂತ್ರ?"

"ಬಿಚ್ಚಿದ್ರೂ ಹೋಗೂ ಕೆಲಸ, ನಿಂತ್ರೂ ಹೋಗೂ ಕೆಲಸ. ಜೋಳನಾದ್ರೂ ಬರ್ಲಿ ನಡೀರಿ."

ಹೋಗುವಾಗ ಗಾಡಿ ಖಾಲಿ ಇತ್ತು. ಅಪ್ಪ ಅದನ್ನು ಅಂಜುತ್ತಂಜುತ್ತ, ಸೈಕಲ್ಲಿಗೂ ದಾರಿ ಬಿಡುತ್ತ ಓಡಿಸಿದ. ಬರುವಾಗ ಹಿಂದೆ ಹತ್ತು ಚೀಲ ಜೋಳ. ಕತ್ತಲಾಗುವುದರೊಳಗೆ ಮನೆ ಸೇರಬೇಕಿತ್ತು. ಜಹೀರಾಬಾದ್ ದಾಟಿದ ಮೇಲೆ ಅಪ್ಪ ಅಂಜಿಕೆ ಬಿಟ್ಟು ಎಕ್ಸಿಲೇಟರ್ ಒತ್ತಿಯೇ ಬಿಟ್ಟ. ಮುಂದಿನ ಏರಿನಲ್ಲಿ ಹಿಂದೆಲ್ಲ ಕಪ್ಪು ಹೊಗೆ. ಬೆನ್ನಿಗಿದ್ದ ಲಾರಿಯವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಆತು, ಇದರ ಕಥಿ ಮುಗೀತು" ಎಂದಳು. ನಾನು ಕನ್ನಡಿಯಲ್ಲಿ ಹೊಗೆಯನ್ನೇ ನೋಡುತ್ತಿದ್ದೆ. ಮತ್ತೊಂದು ಏರು ಬಂತು, ಹೊಗೆ ತೆಳುವಾಗಿತ್ತು. ಸಂಗಾರೆಡ್ಡಿ ಹತ್ತಿರ ಬರುವಾಗ ಲಾರಿಯವನ ಮುಖ ಕಾಣುತ್ತಿತ್ತು.

"ಎಳಿಯಾಕತ್ತೈತಲ್ಲ!" ಅಪ್ಪ ಯಾರಿಗೆಂದಿಲ್ಲದೆ ಹೇಳಿದ.

ಮರುದಿನ ಮೆಕ್ಯಾನಿಕ್ ಮತ್ತೆ ಅಂಗೈ ಇಟ್ಟು ನೋಡಿದ. ಹೊಗೆ ಇತ್ತು, ಆದರೆ ಅರ್ಧಕ್ಕರ್ಧ ಕಡಿಮೆ. ತಲೆ ಕೆರೆದುಕೊಂಡ. ದಿನಕ್ಕೆ ಎಷ್ಟು ಹೊತ್ತು ಗಾಡಿ ನಿಂತು ನಡೆಯುತ್ತದೆಂದು ಕೇಳಿದ. ಅಪ್ಪ ಮೂರು ತಾಸು ಎಂದಾಗ ಹಣೆ ಬಡಿದುಕೊಂಡ.

"ಅರೆ ಚಾಚಾ! ಖಡೇ ಖಡೇ ಚಲಾತೇ?"

ನಿಂತಲ್ಲೇ ನಡೆಯುವ ಇಂಜಿನ್ನಿಗೆ ಎಳೆಯುವ ಕೆಲಸವಿಲ್ಲ, ಸಾಕಷ್ಟು ಕಾವೇರದು, ಡೀಸೆಲ್ ಪೂರಾ ಸುಡದೆ ಮಸಿಯಾಗಿ ಒಳಗೆ ಹತ್ತಿಕೊಳ್ಳುತ್ತದೆ. ಭಾರ ಹೊತ್ತು ದೂರ ಓಡಿದಾಗ ಆ ಮಸಿ ಸುಟ್ಟು ಹೋಗಿದೆ ಎಂದು ವಿವರಿಸಿದ. ಮೊದಲೇ ಗೊತ್ತಿದ್ದವನಂತೆ ಹೇಳಿದ. ಅವ್ವನೂ ಬಿಡಲಿಲ್ಲ: "ಮತ್ತ ನಾ ಜೋಳ ತರಿಸಿದ್ದು ಅದಕ್ಕ!"

ಇಂಜಿನ್ ಸವೆದಿರುವುದು ನಿಜ, ಎಂದಾದರೂ ಬಿಚ್ಚಬೇಕು, ಈಗ ಬೇಡ ಎಂದ ಮೆಕ್ಯಾನಿಕ್. ಸೆಲ್ಫ್ ಮೋಟರನ್ನು ಮಾತ್ರ ಸಂಜೆಯೊಳಗೆ ಮಾಡಿಕೊಟ್ಟು, ನಿಂತಲ್ಲೆಲ್ಲ ಇಂಜಿನ್ ಬಂದ್ ಮಾಡಲು ಹೇಳಿದ. ಹೊಗೆ ತಾನಾಗಿ ಹೋಗುತ್ತದೆಂದು ನಾನು ನಂಬಿರಲಿಲ್ಲ, ಆದರೆ ಅದು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಮುಂದಿನ ದಿನಗಳ ಡೈರಿಯಲ್ಲಿ ಮೂರನೆಯ ಸಾಲು ಒಂದೇ ತರ: ಮೊದಲ ಸಲಕ್ಕೆ.

ಆ ವಾರ ಪರೀಕ್ಷೆಯ ಓದಿಗೆಂದು ನನಗೆ ರಜೆ. ಗುರುವಾರ ಅವ್ವನ ಜೊತೆ ರೊಟ್ಟಿ ಹಂಚಲು ಹೋದೆ. ಎರಡು ದಿನ ಇಂಜಿನ್ ಬಂದ್ ಮಾಡಲು ಅಂಜಿದ್ದ ಅಪ್ಪ ಅವತ್ತು ಕಟ್ಟಡದ ಮುಂದೆ ಗಾಡಿ ನಿಲ್ಲಿಸಿ ಕೀಲಿ ತಿರುವಿದ. ಒಮ್ಮೆಲೇ ಸದ್ದು ಅಡಗಿತು. ತಾಟು ಹಿಡಿದು ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ಕಾಕಾ, ಸತ್ತಿತೇನ್ರಿ?" ಎಂದ ಒಬ್ಬ.

"ತಳ್ಳಾಕ ಬರ್ರಿ ಲೇ!" ಎಂದ ಇನ್ನೊಬ್ಬ. ಇಬ್ಬರು ತಾಟು ಕೆಳಗಿಟ್ಟೇ ಬಿಟ್ಟರು.

ಮೇಸ್ತ್ರಿ ಬಂದರು. ಅಪ್ಪ ಕೀಲಿಯನ್ನು ಅವರ ಕೈಗೆ ಕೊಟ್ಟ. ಅವರು ಅನುಮಾನದಿಂದಲೇ ಹತ್ತಿ ಕೂತು ತಿರುವಿದರು. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಇಳಿದು ಹಿಂದೆ ಹೋಗಿ, ಬಗ್ಗಿ, ಹೊಗೆ ನೋಡಿದರು.

"ಹೊಸಾ ಇಂಜಿನ್ ಕೂಡಿಸೀರೇನ್ರಿ?"

"ಅದ ಐತ್ರಿ. ಬೀದರ ನೋಡಿ ಬಂತು."

ಮೇಸ್ತ್ರಿ ನಕ್ಕರು. ಆಮೇಲೆ ಅವ್ವನ ಕಡೆ ತಿರುಗಿ, "ಅಕ್ಕಾರ, ಸೋಮವಾರದಿಂದ ಆ ಕಟ್ಟಡಕ್ಕೂ ತರ್ರಿ. ರೊಟ್ಟಿ ಇವತ್ತಿನಂಗ ಇರ್ಲಿ, ಅಂಚು ಸೀಳಬಾರದು" ಎಂದರು.

ಅಪ್ಪ ಒಳಗೆ ಕೈ ಹಾಕಿ ಮತ್ತೆ ಇಂಜಿನ್ ಬಂದ್ ಮಾಡಿದ. ಬಾಗಿಲು ಹಾಕಿ ಬಂದು, ಇಟ್ಟಿಗೆ ರಾಶಿಯ ನೆರಳಲ್ಲಿ ಉಣ್ಣುತ್ತಿದ್ದವರ ನಡುವೆ ಜಾಗ ಮಾಡಿಸಿಕೊಂಡು ಕೂತ. ಇಷ್ಟು ವರ್ಷ ಅವರಿಗೆ ರೊಟ್ಟಿ ತಂದವನು ಅವರ ಜೊತೆ ಕೂತು ಉಂಡದ್ದು ಅದೇ ಮೊದಲು. ಯಾರೋ ಅವನ ತಾಟಿಗೆ ಉಳ್ಳಾಗಡ್ಡಿ ಒಡೆದು ಹಾಕಿದರು. ಅವ್ವ ಕೇಳದೆಯೇ ಇನ್ನೊಂದು ರೊಟ್ಟಿ ನೀಡಿದಳು.