ಬೀಗರ ಕೋವಿಯ ವರ್ಗಾವಣೆ

ನನ್ನ ಗಂಡನ ತಂದೆಗೆ ಕೋವಿಯ ಲೈಸೆನ್ಸು ಬಂದ ದಿನ ಅರಕೆರೆಯ ಅರ್ಧ ಊರು ನಮ್ಮ ಮನೆಯಲ್ಲಿ ಕಾಫಿ ಕುಡಿಯಿತು. ಲೈಸೆನ್ಸು ಇತ್ತು, ಕೋವಿ ಇರಲಿಲ್ಲ. ಕಬ್ಬಿಗೆ ಹಂದಿ ಬೀಳುತ್ತವೆ, ಬೆಳೆ ಕಾಯಲು ಕೋವಿ ಬೇಕು ಎಂದು ಅರ್ಜಿ ಬರೆದವಳು ನಾನೇ. ಪಿಯುಸಿ ಓದಿದ ಸೊಸೆ ಮನೆಗೆ ಬಂದ ಮೇಲೆ ನಮ್ಮ ಮನೆಯವರಿಗೆ ಸರ್ಕಾರದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ, ವಾರಕ್ಕೊಂದು ಅರ್ಜಿ ಬರೆಸುತ್ತಿದ್ದರು. ಹಂದಿ ಬರುತ್ತಿದ್ದದ್ದು ನಿಜ, ಆದರೆ ಮಾವನವರ ನಿದ್ದೆ ಕೆಡಿಸಿದ್ದು ಹಂದಿಯಲ್ಲ, ಎದುರು ಬೀದಿಯ ಯಜಮಾನರು. ಅವರ ನಡುಮನೆಯ ಗೋಡೆಯ ಮೇಲೆ ಒಂದು ಜೋಡು ನಳಿಗೆಯ ಕೋವಿ ಇತ್ತು. ಅವರ ಮನೆಗೆ ಹೋಗಿ ಬಂದವರೆಲ್ಲ ಮೊದಲು ಅದರ ಮಾತನ್ನೇ ಎತ್ತುತ್ತಿದ್ದರು. ನಮ್ಮ ಮನೆಯ ಗೋಡೆಯ ಮೇಲೆ ಸಹಕಾರ ಸಂಘದ ಕ್ಯಾಲೆಂಡರು ಇತ್ತು, ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಲೈಸೆನ್ಸು ಕೊಡುವ ಮುಂಚೆ ಪೊಲೀಸಿನವರು ಬಂದು, ಈ ಮನುಷ್ಯ ಜಗಳಗಂಟನೇ, ಕುಡಿಯುತ್ತಾನೆಯೇ, ಕೇಸು ಗೀಸು ಇದೆಯೇ ಎಂದು ಅಕ್ಕಪಕ್ಕದವರನ್ನು ವಿಚಾರಿಸಿದ್ದರು. ಎಲ್ಲರೂ ದೇವರಂಥ ಮನುಷ್ಯ ಎಂದರು. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಯವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆ ಅರ್ಜಿ ಇನ್ನೂ ಮಂಡ್ಯದ ಕಚೇರಿಯಲ್ಲೇ ಇರುತ್ತಿತ್ತು.

ಲೈಸೆನ್ಸು ಪುಸ್ತಕದಲ್ಲಿ ಕೋವಿಯ ನಂಬರು ಬರೆಯುವ ಜಾಗ ಖಾಲಿ ಇತ್ತು. ಕೊಟ್ಟ ಗಡುವಿನೊಳಗೆ ಕೋವಿ ಕೊಂಡು ಆ ಜಾಗ ತುಂಬಿಸದಿದ್ದರೆ ಪುಸ್ತಕವೂ ಕೈಬಿಟ್ಟು ಹೋಗುತ್ತದೆ. ಮೈಸೂರಿನ ಅಂಗಡಿಯಿಂದ ಹೊಸದು ತನ್ನಿ ಎಂದರೆ ಮಾವನವರು ಕೇಳಲಿಲ್ಲ. ಪಳಗಿದ ಕೋವಿಯೇ ಬೇಕಂತೆ, ಎತ್ತು ಕೊಳ್ಳುವವರ ಹಾಗೆ. ಪಾಂಡವಪುರದ ಕಡೆ ಒಬ್ಬನ ಹತ್ತಿರ ಇದೆ ಎಂದು ಕೇಳಿ ನೋಡಿಕೊಂಡು ಬಂದರು. ಕಾಗದಪತ್ರ ಏನೂ ಬೇಡ, ಗೋಣಿಚೀಲದಲ್ಲಿ ಸುತ್ತಿ ಕೊಡುತ್ತೇನೆ, ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಎಂದು ಆ ಮಹಾನುಭಾವ ಹೇಳಿದನಂತೆ. ಮಾವನವರಿಗೆ ಇದು ಬಹಳ ಸಲೀಸಾದ ವ್ಯವಹಾರವಾಗಿ ಕಂಡಿತು. ಆ ಕೋವಿ ತಂದರೆ ನಿಮಗೆ ದಿನಾ ಜೈಲಿಗೆ ಮುದ್ದೆ ಕಟ್ಟಿಕೊಂಡು ಬರುವ ಕೆಲಸ ನನ್ನ ತಲೆಗೆ ಬರುತ್ತದೆ, ನನಗೆ ಮೊದಲೇ ಬಸ್ಸು ಆಗಿಬರುವುದಿಲ್ಲ ಎಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮನೆ ಬಹಳ ನೆಮ್ಮದಿಯಾಗಿತ್ತು.

ಆ ಹೊತ್ತಿಗೆ ಸರಿಯಾಗಿ ಶೀಳನೆರೆ ಕಡೆಯ ನನ್ನ ತವರಿನಿಂದ ಅವ್ವ ಬಂದಳು. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ಮೂರು ಕಡೆ ಬಸ್ಸು ಬದಲಾಯಿಸಿ, ಮಗಳಿಗೆ ಅವರೆಕಾಯಿ ತಂದುಕೊಡುವ ಹೆಂಗಸಲ್ಲ ಅವಳು. ಅವರೆಕಾಯಿ ಅರಕೆರೆಯಲ್ಲೂ ಸಿಗುತ್ತದೆ ಎಂದು ಅವಳಿಗೆ ಗೊತ್ತು. ಹಿತ್ತಲಲ್ಲಿ ಕೂತು ಕಾಯಿ ಸುಲಿಯುತ್ತಾ, ತಲೆ ಎತ್ತದೆ ಹೇಳಿದಳು.

"ನಿಮ್ಮಪ್ಪನ ಕೋವಿಯ ಎಲ್ಲಾರ ಸಾಗಾಕ್ಬುಡು ಮಗ. ಮನೇಲಿ ಬ್ಯಾಡ."

ಆದದ್ದು ಇಷ್ಟು. ಹದಿನೈದು ದಿನದ ಹಿಂದೆ ಒಂದು ಬೆಳಗ್ಗೆ ಅಪ್ಪ ಕಬ್ಬಿನ ಅಂಚಿನಲ್ಲಿ ಹಂದಿ ಕಾಯುತ್ತಾ ಕೂತಿದ್ದ. ಕಬ್ಬು ಅಲುಗಿತು, ಕಪ್ಪಗೆ ಏನೋ ಕಂಡಿತು, ಹೊಡೆದ. ಬಿದ್ದದ್ದು ನಮ್ಮದೇ ಎಮ್ಮೆಕರು. ಆ ಕರುವಿನ ಹಗ್ಗ ಹಿಡಿದಿದ್ದವಳು ಅವ್ವ.

ಅಪ್ಪ ಊರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ ಕಥೆ ಬೇರೆ. ಅದರಲ್ಲಿ ಒಂದು ಭಾರಿ ಹಂದಿ ಇತ್ತು, ಅದರ ನೆತ್ತಿಗೆ ಅಪ್ಪ ಇಟ್ಟ ಗುರಿ ಇತ್ತು, ನಡುವೆ ಬುದ್ಧಿಗೆಟ್ಟ ಕರುವೊಂದು ಅಡ್ಡ ಬಂದಿತ್ತು. ದಿನ ಕಳೆದಂತೆ ಹಂದಿ ಬೆಳೆಯುತ್ತಾ ಹೋಯಿತು, ಕರುವಿನ ತಪ್ಪೂ ಬೆಳೆಯುತ್ತಾ ಹೋಯಿತು. ಆ ಕಥೆಯಲ್ಲಿ ಅವ್ವ ಮಾತ್ರ ಎಲ್ಲೂ ಇರಲಿಲ್ಲ. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಾರು ಆಚೀಚೆ ಆಗಿದ್ದರೆ ನಾನು ತಬ್ಬಲಿ, ಅಪ್ಪ ಆಗಲೂ ಹಂದಿಯ ಉದ್ದ ಅಳೆಯುತ್ತಾ ಕೂತಿರುತ್ತಿದ್ದ. ಕಣ್ಣು ಮಂಜಾಗಿದೆ ಎಂದು ಅವನಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಣ್ಣಿನ ಮಾತು ಎತ್ತಿದರೆ ಸಾಕು, ಮೇಲುಕೋಟೆ ಬೆಟ್ಟ ನನಗೆ ಇಲ್ಲಿಂದಲೇ ಕಾಣುತ್ತದೆ ಎನ್ನುತ್ತಿದ್ದ. ಬೆಟ್ಟ ಎಲ್ಲಿದೆ ಎಂದು ಹೇಳಲು ಕಣ್ಣು ಯಾಕೆ ಬೇಕು, ಅದು ನಮ್ಮಜ್ಜನ ಕಾಲದಿಂದಲೂ ಅಲ್ಲೇ ಇದೆ.

ಅಂತೂ ಒಂದು ಕಡೆ ಕೋವಿಯಿಲ್ಲದ ಲೈಸೆನ್ಸು, ಇನ್ನೊಂದು ಕಡೆ ಕಣ್ಣಿಲ್ಲದ ಕೋವಿ. ಇಂಥ ಸಂಬಂಧ ಕುದುರಿಸಲು ದಲ್ಲಾಳಿ ಬೇಕಿರಲಿಲ್ಲ. ಬೀಗರು ನಿನ್ನ ಕೋವಿಯ ಮೇಲೆ ಬಹಳ ಆಸೆ ಇಟ್ಟುಕೊಂಡಿದ್ದಾರೆ ಎಂದು ಅಪ್ಪನಿಗೆ ಹೇಳಿದೆ. ಕೊಟ್ಟರೆ ಬೀಗರಿಗೇ ಕೊಡುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ ಎಂದು ಅಪ್ಪ ಹಟ ಹಿಡಿದಿದ್ದಾನೆ ಎಂದು ಮಾವನವರಿಗೆ ಹೇಳಿದೆ. ಎರಡೂ ಸುಳ್ಳು. ಇಬ್ಬರೂ ಉಬ್ಬಿಹೋದರು. ಅದಕ್ಕೂ ಮೊದಲು, ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದ ಬರುವ ಬಸ್ಸುಗಳ ಬೋರ್ಡನ್ನೆಲ್ಲ ಮಾವನವರಿಂದ ಓದಿಸಿ ಅವರ ಕಣ್ಣು ನೆಟ್ಟಗಿದೆ ಎಂದು ಖಾತ್ರಿ ಮಾಡಿಕೊಂಡಿದ್ದೆ. ಸೊಸೆಗೆ ಅಕ್ಷರ ಮರೆತುಹೋಗಿದೆ ಎಂದು ಅವರು ಮನೆಯಲ್ಲಿ ಹೇಳಿದರಂತೆ.

ಕೋವಿ ಕೊಡುವವರು ಠಾಣೆಗೆ ಮೊದಲೇ ಬರೆದು ತಿಳಿಸಬೇಕು, ತಿಳಿಸಿದ ಮೇಲೆ ನಲವತ್ತೈದು ದಿನ ಕಾಯಬೇಕು, ಅದು ಕಾನೂನು. ನಾನೂ ಮಾವನವರೂ ತವರಿಗೆ ಹೋಗಿ ಜಗಲಿಯ ಮೇಲೆ ಕೂತು ಕಾಗದ ಬರೆಯಲು ತೊಡಗಿದೆವು. 'ಮಾರಾಟ' ಎಂದು ಬರೆದದ್ದೇ ತಡ, ಅಪ್ಪ ಕಾಗದ ಕಿತ್ತುಕೊಂಡ. ಹೆಣ್ಣು ಕೊಟ್ಟ ಮನೆಗೆ ಕೋವಿ ಮಾರಿದ ಎಂದು ಊರು ಆಡಿಕೊಳ್ಳುತ್ತದಂತೆ. ಸರಿ, 'ದಾನ' ಎಂದು ಬರೆದೆ. ಈಗ ಮಾವನವರು ಟವಲು ಕೊಡವಿ ಎದ್ದು ನಿಂತರು. ದಾನ ಇಸಕೊಳ್ಳುವಂಥ ಗತಿ ತಮಗಿನ್ನೂ ಬಂದಿಲ್ಲವಂತೆ. ಮೂರನೆಯ ಹಾಳೆ ತೆಗೆದು 'ವರ್ಗಾವಣೆ' ಎಂದು ಬರೆದೆ.

"ವರ್ಗ ಮಾಡಕ್ಕೆ ಅದೇನ್ ಇಸ್ಕೂಲ್ ಮೇಷ್ಟ್ರಾ?" ಎಂದರು ಮಾವನವರು. ಆದರೂ ಆ ಪದದಲ್ಲಿ ಯಾರ ಮಾನವೂ ಹೋಗುವಂತಿರಲಿಲ್ಲವಾದ್ದರಿಂದ ಇಬ್ಬರೂ ಒಪ್ಪಿದರು.

ನಲವತ್ತೈದು ದಿನ ಮಾವನವರು ಗೋಡೆಗೆ ಗೂಟ ಹೊಡೆದರು, ಕಿತ್ತರು, ಬಾಗಿಲಲ್ಲಿ ನಿಂತವರಿಗೆ ಕಾಣುವ ಹಾಗೆ ಮತ್ತೆ ಹೊಡೆದರು. ಕ್ಯಾಲೆಂಡರು ಅಡುಗೆಮನೆಗೆ ಹೋಯಿತು. ತವರಿನಲ್ಲಿ ಅಪ್ಪ ಮಾತ್ರ ದಿನಾ ಬೆಳಗ್ಗೆ ಕೋವಿ ಹಿಡಿದು ಗದ್ದೆಗೆ ಹೋಗುತ್ತಲೇ ಇದ್ದ, ಸಂಬಳದಾಳು ಬಿಟ್ಟು ಹೋಗುವ ಮುಂಚೆ ಆದಷ್ಟೂ ಕೆಲಸ ತೆಗೆದುಕೊಳ್ಳುವವನ ಹಾಗೆ. ಬೇಡವೆಂದು ಹೇಳಿ ಕಳಿಸಿದರೆ, ಕೋವಿ ಇನ್ನೂ ನನ್ನ ಹೆಸರಲ್ಲೇ ಇದೆ ಎಂದು ಹೇಳಿ ಕಳಿಸಿದ. ನಾನು ಅರಕೆರೆಯಲ್ಲಿ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗೆರೆ ಎಳೆಯುತ್ತಿದ್ದೆ. ಬೆಳಗಿನ ಹೊತ್ತು ಯಾರಾದರೂ ಬಾಗಿಲು ತಟ್ಟಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ.

ನಲವತ್ತೈದು ದಿನ ಮುಗಿದ ಮೇಲೆ ಮೂವರೂ ತವರಿನ ಕಡೆಯ ಠಾಣೆಗೆ ಹೋದೆವು. ಅರ್ಜಿ ಬರೆದವಳು ಎಂದು ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಅಪ್ಪ ಕೋವಿಯನ್ನು ಮಡಿಚಿ, ಎರಡೂ ನಳಿಗೆ ಖಾಲಿ ಎಂದು ತೋರಿಸಿ, ಮೇಜಿನ ಮೇಲೆ ಇಟ್ಟ. ಬೀಗರ ಕೈಗೆ ಕೊಡಲಿಲ್ಲ. ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ಇಸಕೊಂಡವರಿಗೂ ಜಗಳ ಹತ್ತುತ್ತದೆ ಎಂದು ನಮ್ಮ ಕಡೆ ನಂಬಿಕೆ. ಸಬ್ ಇನ್ಸ್‌ಪೆಕ್ಟರು, ಇನ್ನೂ ಚಿಕ್ಕ ವಯಸ್ಸಿನವರು, ಎಲ್ಲರೂ ಹೀಗೇ ತೆರೆದು ತೋರಿಸಿ ಕೆಳಗಿಟ್ಟರೆ ನಮಗೆ ಅರ್ಧ ಕೆಲಸ ಕಡಿಮೆ ಎಂದು ಮೆಚ್ಚಿಕೊಂಡರು. ಅಪ್ಪ ಹೊಗಳಿಕೆಯನ್ನು ಪೂರ್ತಿಯಾಗಿ ಸ್ವೀಕರಿಸಿದ.

ಆಮೇಲೆ ಅಪ್ಪನ ಲೈಸೆನ್ಸು ಪುಸ್ತಕ ಮುಂದಿಟ್ಟುಕೊಂಡು, ಕೋವಿಯ ಮೇಲಿನ ನಂಬರು ಓದಿ ಎಂದರು. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆತ್ತಿದ ಜಾಗದ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿಯನ್ನು ಗಂಭೀರವಾಗಿ ಓದಿದ. ಪುಸ್ತಕದಲ್ಲಿದ್ದದ್ದೂ ಅದೇ. ಮಾವನವರು, ನೋಡಿದೆಯಾ ಬೀಗರ ಕಣ್ಣು ಎಂಬಂತೆ ನನ್ನ ಕಡೆ ಹುಬ್ಬು ಹಾರಿಸಿದರು. ಒಂದು ಗಳಿಗೆ ನಾನೂ ನಂಬಿದೆ. ಇನ್ಸ್‌ಪೆಕ್ಟರು ಕೋವಿಯನ್ನು ಎತ್ತಿಕೊಂಡು ತಾವೊಮ್ಮೆ ನೋಡಿದರು. ಮತ್ತೊಮ್ಮೆ ನೋಡಿದರು.

"ಯಜಮಾನ್ರೆ, ನೀವು ಓದಿದ ನಂಬರು ಇದರ ಮೇಲಿಲ್ಲ. ಇದು ನಿಮ್ಮ ಕೋವಿಯೇ ಅಲ್ಲ."

ಹಿಂದಿನ ಚುನಾವಣೆಯ ಹೊತ್ತಿಗೆ ಎಲ್ಲರ ಕೋವಿಗಳನ್ನೂ ಠಾಣೆಯಲ್ಲಿ ಇರಿಸಿಕೊಂಡಿದ್ದರು. ಚುನಾವಣೆ ಮುಗಿದ ಮೇಲೆ ಅಪ್ಪ ಸಾಲಾಗಿ ನಿಲ್ಲಿಸಿದ್ದ ಕೋವಿಗಳಲ್ಲಿ ಒಂದನ್ನು ಅದೇ ನಂದು ಎಂದು ಎತ್ತಿಕೊಂಡು, ಆಗಲೂ ಹೀಗೇ ಬೆರಳಿಟ್ಟು ಬಾಯಿಪಾಠ ಒಪ್ಪಿಸಿ ಮನೆಗೆ ಬಂದಿದ್ದ. ರಿಜಿಸ್ಟರು ತೆಗೆದು ನೋಡಿದರೆ ಇದು ನಾಗಮಂಗಲದ ಗಡಿಗೆ ಹತ್ತಿರದ ಹಳ್ಳಿಯ ಒಬ್ಬ ಮುದುಕರದು. ಅಪ್ಪನದು ಅವರ ಮನೆಯಲ್ಲಿ. ಅವರ ಕಣ್ಣೂ ಅಷ್ಟರಲ್ಲೇ ಇದ್ದಿರಬೇಕು. ಎರಡು ವರ್ಷ ಎರಡು ಮನೆಯವರೂ ಆಯುಧಪೂಜೆಗೆ ಕಂಡವರ ಕೋವಿಗೆ ವಿಭೂತಿ ಬಳಿದು, ಕುಂಬಳಕಾಯಿ ಒಡೆದು, ಭಕ್ತಿಯಿಂದ ಕೈಮುಗಿದಿದ್ದರು.

 ಕರುವಿನ ಕಥೆಯನ್ನು ಅಪ್ಪನ ಬಾಯಿಂದಲೇ ಕೇಳಿದ್ದ ಮಾವನವರಿಗೆ ಬೀಗರ ಮಾನ ಉಳಿಸುವ ದಾರಿ ಹೊಳೆದುಬಿಟ್ಟಿತು.

"ಅಂಗಾರೆ ಕರ ಸತ್ತಿದ್ದು ಕೋವಿ ತಪ್ಪು ಕಣ್ ಬೀಗ್ರೆ. ಕಂಡೋರ್ ಕೋವಿ ನಿಮ್ ಕೈಗೆ ಎಂಗ್ ಪಳಗ್ತದೆ?"

ನಾನು ಹಣೆ ಹಿಡಿದುಕೊಂಡೆ. ಅಪ್ಪ ಇದನ್ನು ಬಾಚಿ ತಬ್ಬಿಕೊಳ್ಳುತ್ತಾನೆ, ನಾಳೆಯಿಂದ ಊರಿನ ಕಥೆಯಲ್ಲಿ ಹಂದಿಯ ಪಕ್ಕಕ್ಕೆ ಒಂದು ಸೊಟ್ಟ ಕೋವಿಯೂ ಬಂದು ನಿಲ್ಲುತ್ತದೆ, ಇನ್ನು ಈ ಜನ್ಮದಲ್ಲಿ ಇವನು ಕಣ್ಣು ತೋರಿಸಲು ಬರುವುದಿಲ್ಲ ಎಂದುಕೊಂಡೆ. ಅಪ್ಪ ಮೇಜಿನ ಮೇಲಿದ್ದ ಕೋವಿಯ ಕಡೆ ತಿರುಗಿದ. ಟವಲಿನಿಂದ ಮುಖ ಒರೆಸಿಕೊಂಡ.

"ಇಲ್ಲ ಬೀಗ್ರೆ. ಕೋವಿ ನೆಟ್ಟಗೇ ಅದೆ. ನಂಗೇ ಕಾಣ್ನಿಲ್ಲ. ಅಂದಿ ಗಿಂದಿ ಏನೂ ಇರ್ನಿಲ್ಲ. ಕರಾನೂ ಕಾಣ್ನಿಲ್ಲ, ಅದ್ರ ಅಗ್ಗ ಇಡ್ಕಂಡಿದ್ದ ಇವ್ಳವ್ವನೂ ಕಾಣ್ನಿಲ್ಲ."

ಅವ್ವ ಕೊನೆಗೂ ಆ ಕಥೆಯೊಳಗೆ ಬಂದಳು, ಅದೂ ಪೊಲೀಸು ಠಾಣೆಯಲ್ಲಿ. ಎರಡು ತಿಂಗಳಿಂದ ಅಪ್ಪನ ಮೇಲೆ ಹಲ್ಲು ಕಡಿಯುತ್ತಿದ್ದ ನನಗೆ ಆಗ ಅಳು ಬಂತು. ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು, ಮೊದಲು ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿ ಎಂದು ಮೆಲ್ಲಗೆ ಹೇಳಿದರು.

ಆ ಊರಿಗೆ ಹೇಳಿ ಕಳಿಸಿದರು. ಮಧ್ಯಾಹ್ನಕ್ಕೆ ಆ ಮುದುಕರು ಅಪ್ಪನ ಕೋವಿ ಹಿಡಿದುಕೊಂಡು ಬಂದರು. ಇಬ್ಬರು ಹಿರಿಯರೂ ತಂತಮ್ಮ ಕೋವಿಯನ್ನು ತಡವಿ, ಗುರುತು ಹತ್ತದಿದ್ದರೂ, ಇದೇ ಇದೇ ಎಂದರು. ಈ ಸಲ ನಂಬರನ್ನು ಇನ್ಸ್‌ಪೆಕ್ಟರೇ ಓದಿದರು. ಹೇಳಿಕೆ ಬರೆಸಿಕೊಂಡು, ಅಪ್ಪನ ಪುಸ್ತಕದಲ್ಲಿದ್ದ ನಂಬರನ್ನು ಹೊಡೆದುಹಾಕಿ ಮಾವನವರ ಪುಸ್ತಕದ ಖಾಲಿ ಜಾಗದಲ್ಲಿ ಬರೆದು ರುಜು ಹಾಕಿದರು. ಅಪ್ಪ ತನ್ನ ಪುಸ್ತಕವನ್ನೂ ಮೇಜಿನ ಮೇಲೇ ಬಿಟ್ಟು, ಇದೂ ನಂಗೆ ಬೇಡ ಎಂದ. ಮಾವನವರು ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ, ಹೊಸ ಮದುವಣಗಿತ್ತಿಯನ್ನು ಕರೆದೊಯ್ಯುವವರಂತೆ ಅರಕೆರೆಯ ದಾರಿ ಹಿಡಿದರು. ನಾನು ಅಪ್ಪನ ಜೊತೆ ಮನೆಗೆ ಹೋದೆ.

ನಿಮ್ಮವ್ವನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ ಎಂದು ಅಪ್ಪ ದಾರಿಯಲ್ಲೇ ಹೇಳಿದ್ದ. ಸಂಜೆ ಒಲೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಠಾಣೆಯಲ್ಲಿ ಹೇಳಿದ್ದನ್ನೇ ಹೇಳಿದ. ಅವ್ವ ಮುದ್ದೆ ಕಟ್ಟುವುದನ್ನು ನಿಲ್ಲಿಸಲಿಲ್ಲ. ಮಾತನ್ನೂ ಅವನಿಗೆ ಹೇಳಲಿಲ್ಲ, ನನ್ನ ಕಡೆ ತಿರುಗಿದಳು.

"ಕಾಣಾಕಿಲ್ಲ ಅಂತ ನಂಗೊತ್ತಿರ್ನಿಲ್ವಾ ಮಗ? ಅದ್ಕೇ ಅವತ್ತಿಂದ ಗದ್ದೆತಾಕೆ ಓಗ್ವಾಗ ದಾರಿ ಉದ್ದಕ್ಕೂ ನಿಮ್ಮಪ್ಪನ ಬಯ್ಕಂಡೇ ಓಯ್ತಿದ್ದೆ. ಕಣ್ಣು ಓದ್ರೆ ಓಗ್ಲಿ, ಕಿವಿಗಾರ ಕೇಳ್ಲಿ, ಇವ್ಳು ಬತ್ತಾವ್ಳೆ ಅಂತ ಗೊತ್ತಾಗ್ಲಿ ಅಂತ."

ಈ ವಯಸ್ಸಿನಲ್ಲಿ ಅವಳಿಗೆ ಬಾಯಿ ಜಾಸ್ತಿಯಾಯಿತು ಎಂದು ಊರವರೆಲ್ಲ ಆಡಿಕೊಂಡಿದ್ದರಂತೆ. ಅಪ್ಪನೂ ಅವರ ಜೊತೆ ಸೇರಿ ಆಡಿಕೊಂಡಿದ್ದನಂತೆ. ಅವ್ವ ಮುದ್ದೆಯ ತಟ್ಟೆಯನ್ನು ಅವನ ಮುಂದೆ ಸರಿಸಿ ಸಾರು ಬಿಟ್ಟಳು. ಅಪ್ಪ ಬಹಳ ಹೊತ್ತು ಅದಕ್ಕೆ ಕೈ ಹಾಕಲಿಲ್ಲ.