ಒಲೆಯ ಬಾಯಿ ಯಾವ ಕಡೆ

ಸುರಪುರದಲ್ಲಿ ಗೊಲ್ಲಾಳಮ್ಮ ರೊಟ್ಟಿ ಬಡಿಯಲು ಶುರು ಮಾಡಿದರೆ ಅತ್ತ ತಿಂಥಣಿಯ ಹೊಳೆಯಲ್ಲಿ ಮೊಸಳೆಗಳಿಗೆ ಎಚ್ಚರವಾಗುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಆ ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದರೆ ಅದರಾಚೆ ಎದುರುಮನೆಯವನ ಮುಖ ಕಾಣುತ್ತಿತ್ತು, ಅವನು ಕ್ಷೌರ ಮಾಡಿಸಿಕೊಂಡಿದ್ದಾನೋ ಇಲ್ಲವೋ ಅದೂ ಗೊತ್ತಾಗುತ್ತಿತ್ತು ಎಂಬುದನ್ನು ಮಾತ್ರ ನಂಬಲೇಬೇಕು. ಅದು ನಾನು ಕಣ್ಣಾರೆ ಕಂಡಿದ್ದು.

ಅಂಥ ರೊಟ್ಟಿ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಬಡಿಯಬೇಕು, ಒಬ್ಬರು ಬೇಯಿಸಬೇಕು. ಗೊಲ್ಲಾಳಮ್ಮ ಬಡಿಯುವಾಕೆ, ಬೇಯಿಸುವಾಕೆ ಮೋನಮ್ಮ. ತಿಂಥಣಿಯ ಮೋನಪ್ಪಯ್ಯನಿಗೆ ಹರಕೆ ಹೊತ್ತು ಹುಟ್ಟಿದ ಮಗಳೆಂದು ಆ ಹೆಸರು. ಮೌನದ ಆ ಹೆಸರಿಟ್ಟಿದ್ದು ಆಕೆ ಮಾತು ಕಲಿಯುವುದಕ್ಕೆ ಮೊದಲು, ಹಾಗಾಗಿ ಇಟ್ಟವರದೇನೂ ತಪ್ಪಿಲ್ಲ. ಒಲೆಗೆ ಕಡ್ಡಿ ಗೀರುವ ಮೊದಲು ಶುರುವಾದ ಆಕೆಯ ಮಾತು ಕೆಂಡ ಬೂದಿಯಾದ ಮೇಲೂ ಕಾವು ಹಿಡಿದುಕೊಂಡೇ ಇರುತ್ತಿತ್ತು. ಗಾಳಿ ಕೂಡ ಆ ಓಣಿಗೆ ಬಂದರೆ ಸರದಿಗೆ ನಿಲ್ಲಬೇಕಾಗಿತ್ತು.

ಇಬ್ಬರೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲದವರು. ಒಂದು ಹಳೆಯ ವಾಡೆಯಲ್ಲಿ ಅಕ್ಕಪಕ್ಕದ ಖೋಲಿಗಳಲ್ಲಿ ಬಾಡಿಗೆಗಿದ್ದು, ಹಿತ್ತಲಿನ ಚಪ್ಪರದಡಿ ಒಂದೇ ಒಲೆ ಹೂಡಿದ್ದರು. ಗೊಲ್ಲಾಳಮ್ಮ ಬಡಿದು ಎಸೆದ ರೊಟ್ಟಿಯನ್ನು ಮೋನಮ್ಮ ಒಲೆಯ ಆಚೆ ಕೂತು ಎಡಗೈಯಿಂದ ಹಿಡಿದು ಹಂಚಿನ ಮೇಲೆ ಹಾಕುತ್ತಿದ್ದಳು. ಆಕೆ ಎಡಚಿ. ಬಲಗೈಯಲ್ಲಿ ಕಟ್ಟಿಗೆ ನೂಕುವುದು, ಎಡಗೈಯಲ್ಲಿ ರೊಟ್ಟಿ ತಿರುವುವುದು. ಎಡಗೈ ರೊಟ್ಟಿ ತಿನ್ನುವುದು ಹೇಗೆ ಎಂದು ಮೂಗು ಮುರಿದವರಿಗೆ ಗೊಲ್ಲಾಳಮ್ಮನ ಉತ್ತರ ಸಿದ್ಧವಿತ್ತು.

"ಬೆಂಕ್ಯಾಗ ಹಾದು ಬಂದದ್ದು ಯಾವ ಕೈಲೆ ಬಂತು ಅಂತ ಕೇಳಬಾರದ್ರಿ. ಬ್ಯಾಡಾದ್ರ ಬಿಡ್ರಿ, ಇನ್ನೊಬ್ಬರು ನಿಂತಾರ."

ವಾಡೆಯ ಮಾಲೀಕರು ಅದನ್ನು ಮಾರಿದರು. ಗೊಲ್ಲಾಳಮ್ಮ ಕೆಂಭಾವಿ ರಸ್ತೆಯ ಕಡೆ ಒಂದು ತುಂಡು ಜಾಗ ಹಿಡಿದಿಟ್ಟಿದ್ದಳು. ಅಲ್ಲಿ ಎರಡು ಖೋಲಿ ಎಬ್ಬಿಸಿದಳು. ಎರಡು ಯಾಕೆ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಕೆಂಭಾವಿಯಿಂದ ಮೋನಮ್ಮನ ಅಣ್ಣ ನಾಗಣ್ಣ ಬಂದ. ಅವನ ಹೆಂಡತಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಎಂಟು ದಿನದ ಮಟ್ಟಿಗೆ ಬಾ ಎಂದು ತಂಗಿಯನ್ನು ಕರೆದುಕೊಂಡು ಹೋದ. ಆ ಎಂಟು ದಿನ ಯಾವ ಪಂಚಾಂಗದ್ದೋ, ತೊಗರಿ ಹೂಬಿಟ್ಟು, ಕಾಯಾಗಿ, ರಾಶಿಯಾಗಿ, ಹೊಲ ಬಯಲಾದರೂ ಮುಗಿಯಲಿಲ್ಲ.

ಹೊಸ ಮನೆಯ ಗೋಡೆಗೆ ಹಸಿರು ಬಣ್ಣ ಬಂತು, ಅಡುಗೆಮನೆಗೆ ಗ್ಯಾಸಿನ ಕಟ್ಟೆ ಬಂತು. ಗ್ಯಾಸಿನ ಮೇಲೆ ಚಹಾ ಆಗುತ್ತದೆ, ವ್ಯಾಪಾರದ ರೊಟ್ಟಿ ಆಗುವುದಿಲ್ಲ. ಕಟ್ಟಿಗೆಯ ಒಲೆಯನ್ನು ಒಳಗಿಟ್ಟರೆ ಹಸಿರು ಗೋಡೆ ಎಮ್ಮೆಯ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಹಿತ್ತಲಲ್ಲಿ ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ಫರ್ಸಿ ಕಲ್ಲು, ಮೊಣಕಾಲೆತ್ತರದ ಗೋಡೆ, ಒಂದು ಒಲೆ ಎಂದು ನಿಶ್ಚಯವಾಯಿತು. ಕಟ್ಟುವ ಕೆಲಸದ ಗೌಂಡಿ ಬಾಷುಮಿಯಾ ಬಂದು ಅಳತೆಗೆ ಹಗ್ಗ ಹಿಡಿದ.

"ಅಕ್ಕಾ, ಒಲಿ ಎಲ್ಲಿ?"

"ಆ ತುದೀಗೆ. ಬಾಯಿ ಆಕಡಿ ಇರಲಿ."

ಬಾಷುಮಿಯಾ ಹಗ್ಗ ಕೆಳಗಿಟ್ಟ. "ಆಕಡಿ? ನೀ ಕೂಡೂದು ಈಕಡಿ. ಬಾಯಿ ಆಕಡಿ ಇದ್ರ ಕಟಗಿ ಹಾಕವರು ಯಾರು? ನಿನ್ನ ಕೈ ಏನು ಶಹಾಪುರತನಾ ಮುಟ್ಟತಾವೇನು?"

"ಮುಟ್ಟತಾವು, ನಿನಗ್ಯಾಕ?"

"ನನಗೇನಿಲ್ಲವ್ವಾ. ಕಟ್ಟಿದ ಮ್ಯಾಲ ಹೊಳ್ಳಿಸು ಅಂದ್ರ ಹೊಳ್ಳಾಕ ಅದು ಎತ್ತಿನ ಬಂಡಿ ಅಲ್ಲ. ಖರೇ ಹೇಳು, ಮೋನಕ್ಕ ಬರತಾಳೇನು?"

ಗೊಲ್ಲಾಳಮ್ಮ ಒಂದು ಕಲ್ಲನ್ನು ಕಾಲಿನಿಂದ ಅತ್ತ ಸರಿಸಿದಳು, ಮತ್ತೆ ಇತ್ತ ಸರಿಸಿದಳು. "ಕಂಬ ನಿಂದರ್ಸು, ತಗಡು ಹೊದಸು. ಒಲಿ ಕಡೀಗೆ ಹೇಳತೀನಿ."

ಕಂಬ ನಿಂತವು, ತಗಡು ಬಂತು, ಒಲೆ ಬರಲಿಲ್ಲ. ಆಕೆ ಚಪ್ಪರದ ಹೊರಗೆ ಬಿಸಿಲಲ್ಲಿ ಮೂರು ಕಲ್ಲು ಹೂಡಿ ಒಬ್ಬಳೇ ರೊಟ್ಟಿ ಮಾಡುತ್ತಿದ್ದಳು. ಬಡಿಯುವಾಗ ಹಂಚಿನ ಮೇಲಿನದು ಸೀಯುತ್ತಿತ್ತು. ಅದನ್ನು ತಿರುವಲು ಎದ್ದರೆ ಬಡಿದದ್ದು ಒಣಗುತ್ತಿತ್ತು. ಆ ದಿನಗಳ ರೊಟ್ಟಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. ನಮ್ಮ ಮನೆಯಲ್ಲಿ ಒಂದನ್ನು ಅಟ್ಟದ ಕಿಂಡಿಗೆ ಅಡ್ಡ ಇಟ್ಟಿದ್ದೆವು, ಇಡೀ ಮಳೆಗಾಲ ಒಂದು ಹನಿ ಒಳಗೆ ಬರಲಿಲ್ಲ. ಆದರೂ ಗಿರಾಕಿಗಳು ಬಿಡಲಿಲ್ಲ. ಕೊಳ್ಳಲು ಹೋದವರು ಏನಾದರೂ ಮಾತಾಡಿದರೆ ಆಕೆ ಮುಖ ಎತ್ತಿ, ಪಾಪ, ಇನ್ನೊಂದು ಮಾತು ಬರುತ್ತದೆಯೇ ಎಂದು ನೋಡುತ್ತಿದ್ದಳು.

ಬಾಷುಮಿಯಾ ಒಂದು ಬೆಳಿಗ್ಗೆ ಬಂದು, ತನಗೆ ಯಾದಗಿರಿಯಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಸೋಮವಾರ ಹೊರಡುತ್ತೇನೆ, ಒಲೆ ಆಕಡೆಯೋ ಈಕಡೆಯೋ ಅಷ್ಟರಲ್ಲಿ ಹೇಳು ಎಂದ. ಗೊಲ್ಲಾಳಮ್ಮ ಸೀರೆ ಬದಲಿಸಿ ಕೆಂಭಾವಿ ಬಸ್ಸು ಹತ್ತಿದಳು.

ಆ ಬಸ್ಸಿನ ಬಗ್ಗೆ ಒಂದು ಮಾತು. ಅದರಲ್ಲಿ ಹತ್ತಿದ ಬಾಣಂತಿ ಇಳಿಯುವಾಗ ಮಗುವನ್ನು ಶಾಲೆಗೆ ಸೇರಿಸಿಯೇ ಇಳಿಯುತ್ತಾಳೆ. ಅಷ್ಟು ಹೊತ್ತು ಸಿಕ್ಕರೂ ಗೊಲ್ಲಾಳಮ್ಮನಿಗೆ ಕೇಳಬೇಕಾದ ಒಂದು ಮಾತು ಹೊಂದಿಸಲಾಗಲಿಲ್ಲ. ನೀ ಬರತಿಯೇನು ಎಂದು ಕೇಳಿದರೆ, ಹಾಸಿಗೆ ಹಿಡಿದವಳನ್ನು ಬಿಟ್ಟು ಬಾ ಎಂದಂತೆ. ಕೇಳದಿದ್ದರೆ ಒಲೆ ಕಟ್ಟುವುದು ಹೇಗೆ?

ಮೋನಮ್ಮ ಬಾಗಿಲಲ್ಲೇ ಹಿಡಿದಳು. "ಏ ಗೊಲ್ಲೀ! ಜೀವಂತ ಅದೀಯೇನಬೇ? ಬಡಿದು ಬಡಿದು ಕೈ ಸವೆದು ಮೊಣಕೈತನಾ ಬಂದಿರಬೇಕು ಅಂತ ಮಾಡಿದ್ದೆ. ಬಾ, ಕೂಡು. ಯವ್ವಾ, ಎಷ್ಟ ಕರ್ರಗಾಗೀದಿ!"

"ಬಿಸಲಾಗ ಒಲಿ ಹಚ್ಚೀನಿ, ಕರ್ರಗಾಗಲಾರದ ಬೆಳ್ಳಗ ಆಗತಾರೇನು? ಚಪ್ಪರ ಹಾಕಸಾಕತ್ತೀನಿ. ಅದಕ್ಕ ನಿನ್ನ ಕೇಳಿ ಹೋಗೂಣಂತ ಬಂದೆ."

"ನನ್ನ ಕೇಳಾಕ ನಾ ಏನು ಇಂಜಿನಿಯರೇನು?" ಎಂದಳು ಮೋನಮ್ಮ. ಎಂದವಳೇ ಒಂದು ಇದ್ದಲ ತುಂಡು ತಂದು ಪಡಸಾಲೆಯ ಫರ್ಸಿಯ ಮೇಲೆ ನಾಲ್ಕು ಗೆರೆ ಎಳೆದು ಕೂತಳು. "ಹ್ಞಾಂ, ಹೇಳು. ಗಾಳಿ ಯಾಕಡಿಂದ? ಪಡುವಣ? ಹಂಗಾರ ಆಕಡಿ ಗೋಡಿ ಎತ್ತರ ಮಾಡ್ಸು. ತಗಡು ತೆಳ್ಳಗ ಹಾಕಬ್ಯಾಡ, ತಲಿ ಬೆಂದು ಬದನಿಕಾಯಿ ಆಗತದ. ಒಲಿ ಎಲ್ಲಿ?"

ಗೊಲ್ಲಾಳಮ್ಮ ಬೆರಳಿಟ್ಟು ತೋರಿಸಿದಳು. "ಇಲ್ಲಿ. ಬಾಯಿ ಆಕಡಿ."

ಮೋನಮ್ಮ ಅಲ್ಲಿ ಒಂದು ದುಂಡು ಬರೆದಳು. ಬರೆದು ಅದನ್ನೇ ನೋಡಿದಳು. ಅದು ಹಳೆಯ ವಾಡೆಯಲ್ಲಿದ್ದ ಹಾಗೇ ಇತ್ತು. ದುಂಡಿನ ಆಚೆ ಒಬ್ಬರು ಕೂಡುವಷ್ಟು ಜಾಗ, ಎಡಗೈ ಆಡಿಸಲು ಗೋಡೆಯಿಂದ ಒಂದು ಮೊಳ ದೂರ. 

ಒಳಗಿನಿಂದ ಒಂದು ದನಿ ಬಂತು. ಮಾತಲ್ಲ, ಬರೀ ದನಿ. ಮೋನಮ್ಮ ಎದ್ದು ಹೋದಳು. ಅತ್ತಿಗೆಯ ಮಗ್ಗುಲು ಬದಲಿಸಿದ್ದು, ನೀರು ಕುಡಿಸಿದ್ದು, "ಆತು, ಆತವ್ವಾ, ಇಲ್ಲೇ ಅದೀನಿ" ಎಂದದ್ದು ಪಡಸಾಲೆಗೆ ಕೇಳಿಸಿತು. ತಿರುಗಿ ಬಂದವಳು ಕೂತು, ಸೆರಗಿನ ತುದಿಯಿಂದ ದುಂಡನ್ನು ಒರೆಸಿದಳು.

"ಒಲಿ ಇಲ್ಲಿ ಹಾಕ್ಸು," ಎಂದು ಈಚೆ ಹೊಸ ದುಂಡು ಬರೆದಳು. "ನಿನ್ನ ಬಲಗೈಗೆ. ಬಾಯಿ ನಿನ್ನ ಕಡಿ. ಕೂತಲ್ಲಿಂದ ಕಟಗಿ ನೂಕಬೇಕು, ಕೂತಲ್ಲಿಂದ ಹಂಚು ಮುಟ್ಟಬೇಕು. ಹಿಟ್ಟಿನ ಬುಟ್ಟಿ ಎಡಕ್ಕ. ನೀರು ಅದರ ಬಾಜೂಕ. ಬೇಸಿದ್ದು ಇಡಾಕ ಹಿಂದ ಒಂದು ಕಲ್ಲು ಹಾಸು, ಹೊಳ್ಳಿ ನೋಡಲಾರದ ಇಡೂಹಂಗ ಇರಲಿ. ನಿನ್ನ ಮೊಣಕಾಲು ನೆಟ್ಟಗಿಲ್ಲ. ಎದ್ದು ಕೂತು ಮಾಡಬ್ಯಾಡ."

ಗೊಲ್ಲಾಳಮ್ಮ ನಕಾಶೆಯಲ್ಲಿ ಇನ್ನೊಬ್ಬರು ಕೂಡುವ ಜಾಗ ಹುಡುಕಿದಳು. ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

"ಬರೋಬರಿ ಅದ," ಎಂದಳು.

"ಅದ ಮತ್ತ! ನಾ ಹಾಕಿದ್ದು," ಎಂದಳು ಮೋನಮ್ಮ, ಇದ್ದಲನ್ನು ಕೈಯಲ್ಲೇ ಹೊರಳಾಡಿಸುತ್ತ. "ಉಂಡು ಹೋಗು."

"ಬಸ್ಸಿಗೆ ಹೊತ್ತಾತು."

"ಆ ಬಸ್ಸಿಗಾ? ಅದು ನೀ ಸತ್ತು, ನಿನ್ನ ದಿನಾ ಮಾಡಿ ಎದ್ದರೂ ಸಿಗತದ. ಉಣ್ಣು."

ಉಂಡಳು. ಗ್ಯಾಸಿನ ಮೇಲೆ ಮಾಡಿದ ಅನ್ನ, ಸಾರು. ರೊಟ್ಟಿ ಇರಲಿಲ್ಲ. ಆ ಮನೆಯಲ್ಲಿ ಬಡಿಯುವವರಿರಲಿಲ್ಲ, ಸುರಪುರದ ಮನೆಯಲ್ಲಿ ಬೇಯಿಸುವವರಿರಲಿಲ್ಲ. 

ಸೋಮವಾರಕ್ಕೆ ಮೊದಲೇ ಒಲೆ ಎದ್ದಿತು.  ಮೋನಕ್ಕ ಬರುವುದಿಲ್ಲ ಎಂದು ಅಳತೆ ಕೇಳುತ್ತಲೇ ಬಾಷುಮಿಯಾನಿಗೆ ಗೊತ್ತಾಯಿತು. ಮಣ್ಣು ಮೆತ್ತುವಾಗ ಒಂದು ಸಲ ಮಾತ್ರ, "ಆ ತುದೀಗೆ ಖಾಲಿ ಉಳೀತದಲ್ಲಕ್ಕಾ, ಅಲ್ಲೇನು ಮಾಡ್ಲಿ?" ಎಂದ.

"ಕಟಗಿ ಒಟ್ಟತೀನಿ."

ಈಗ ಅಲ್ಲಿ ತೊಗರಿ ಕಟ್ಟಿಗೆ ತಗಡು ಮುಟ್ಟುವಷ್ಟು ಒಟ್ಟಿದೆ.

ಚಪ್ಪರ ಎಷ್ಟು ಚೆನ್ನಾಗಿ ಆಗಿದೆಯೆಂದರೆ, ಹೊಗೆ ತಾನಾಗಿಯೇ ಅಪ್ಪಣೆ ಕೇಳಿ ಹೊರಗೆ ಹೋಗುತ್ತದೆ. ಮಳೆ ಬಂದು ತಗಡಿನ ಮೇಲೆ ನಿಂತು ಒಳಗೆ ಬರಲು ದಾರಿ ಕಾಣದೆ ಪಕ್ಕದ ಮನೆಗೆ ಹೋಗುತ್ತದೆ. ಮನೆ ಕಟ್ಟುವವರು ಹೆಂಡತಿಯರನ್ನು ಕರೆತಂದು ತೋರಿಸುತ್ತಾರೆ. ರೊಟ್ಟಿ ಮತ್ತೆ ಮೊದಲಿನಂತಾಗಿದೆ. ಎದುರುಮನೆಯವನ ಗಡ್ಡ ಮತ್ತೆ ಕಾಣುತ್ತಿದೆ. ಹಿಟ್ಟು ಎಡಕ್ಕೆ, ಬೆಂಕಿ ಬಲಕ್ಕೆ, ಕಲ್ಲು ಹಿಂದಕ್ಕೆ. ಕೂತಲ್ಲಿಂದ ಏಳಬೇಕಾಗಿಲ್ಲ. ನೀರು ತಾ, ಉರಿ ಸಣ್ಣ ಮಾಡು, ಅದು ಸೀಯಾಕತ್ತದ ನೋಡು ಎಂದು ಯಾರಿಗೂ ಏನೂ ಹೇಳಬೇಕಾಗಿಲ್ಲ.

ಮೊನ್ನೆ ನಸುಕಿನಲ್ಲೇ ಹೋಗಿದ್ದೆ. ಬುಟ್ಟಿ ತುಂಬ ಬೆಂದ ರೊಟ್ಟಿ, ಆಕೆ ಇನ್ನೂ ಬಡಿಯುತ್ತಿದ್ದಳು.

"ಎಷ್ಟೊತ್ತಿಗೆ ಎದ್ದೀದಿ ಗೊಲ್ಲಾಳಮ್ಮ?" ಎಂದೆ.

ಆಕೆ ಉತ್ತರ ಕೊಡಲು ಬಾಯಿ ತೆರೆದಳು. ದನಿ ಹೊರಡಲಿಲ್ಲ; ಅದು ಆಕೆಯ ಆ ದಿನದ ಮೊದಲ ಮಾತು. ಕೆಮ್ಮಿ, ತಂಬಿಗೆ ಎತ್ತಿ ಎರಡು ಗುಟುಕು ಕುಡಿದು, ಮತ್ತೆ ಮಾತಾಡಿ ನೋಡಿದಳು.

"ಥೂ," ಎಂದಳು ನಗುತ್ತ, "ಗಂಟಲಾಗ ಬೂದಿ ಕೂತದ."

ಅಷ್ಟು ಚೆಂದದ ಚಪ್ಪರದಲ್ಲಿ ಬೂದಿ ಎಲ್ಲಿಂದ ಬರಬೇಕು ಎಂದು ನಾನು ಕೇಳಲಿಲ್ಲ. ಆಕೆಗೆ ಕಾಣುವ ಹಾಗೆ ಕಟ್ಟಿಗೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಹಾಳು ಹರಟೆ ಶುರು ಮಾಡಿದೆ.